ಹೊಡೆದ ಕರಡಿಯ ಲೆಕ್ಕ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸಿಗುವ ಮೇಗರವಳ್ಳಿ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಹೊಸ ಹೆಸರಲ್ಲ. ಇಲ್ಲಿಂದ ಪಡುವಣಕ್ಕೆ ಆಗುಂಬೆ, ಅದರಾಚೆ 14 ತಿರುವುಗಳ ಘಾಟಿ, ಘಾಟಿಯ ಬುಡದಲ್ಲಿ ಸೋಮೇಶ್ವರ. ಇಂದು ಆ ಘಾಟಿ ಶಿವಮೊಗ್ಗ ಮತ್ತು ಉಡುಪಿ ಜಿಲ್ಲೆಗಳ ನಡುವಿನ ಗಡಿ ಅಷ್ಟೆ. ಆದರೆ 1956ರ ನವೆಂಬರ್ 1ರವರೆಗೆ ಅದು ರಾಜ್ಯದ ಗಡಿ. ಮೇಲೆ ಮೈಸೂರು, ಕೆಳಗೆ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ. ಹಂದಿಗೂ ಕಡವೆಗೂ ಕರಡಿಗೂ ಈ ಗಡಿ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದುದು ಕೋವಿ ಹಿಡಿದವನಿಗೆ.

ಮಲೆನಾಡಿನ ಹಳಬರಿಗೆ ಶಿಕಾರಿ ಎಂದರೆ ಊರೊಟ್ಟಿನ ಕೆಲಸ. ನಾಯಿ ಬಿಟ್ಟು ಕಾಡು ಸೋಯುವವರು ಒಂದು ಕಡೆ, ಕೋವಿ ಹಿಡಿದು ಕಂಡಿಯಲ್ಲಿ ನಿಂತವರು ಇನ್ನೊಂದು ಕಡೆ. ರಾತ್ರಿಯಾದರೆ ಮರದ ಮೇಲೆ ಮರಸು. ಬಿದ್ದ ಪ್ರಾಣಿಗೆ ಕಟ್ಟುನಿಟ್ಟಾದ ಲೆಕ್ಕವಿತ್ತು: ಈಡು ಹೊಡೆದವನಿಗೆಷ್ಟು, ಕೋವಿಯ ಒಡೆಯನಿಗೆಷ್ಟು, ನಾಯಿಗೆಷ್ಟು ಎಂಬುದರಲ್ಲಿ ತಪ್ಪಿದರೆ ಜಗಳ. ಈ ಲೆಕ್ಕ ಕಾಡಿನಂಚಿನಲ್ಲೇ ಮುಗಿಯುತ್ತಿತ್ತು. ಸರ್ಕಾರದ ಲೆಕ್ಕ ಬೇರೆಯೇ ಇತ್ತು. ಮೈಸೂರು ಸಂಸ್ಥಾನ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ರೆಗ್ಯುಲೇಷನ್ ಮಾಡಿತ್ತು. ಘಾಟಿಯ ಕೆಳಗಿನ ಮೀಸಲು ಕಾಡಿನಲ್ಲಿ 1882ರ ಮದರಾಸು ಅರಣ್ಯ ಕಾಯಿದೆಯ ಕೆಳಗಿನ ನಿಯಮಗಳು. ಮೇಲಿನ ರಹದಾರಿ ಕೆಳಗೆ ಸಲ್ಲದು, ಕೆಳಗಿನದು ಮೇಲೆ ಸಲ್ಲದು. ಗಾಯಗೊಂಡ ಪ್ರಾಣಿ ಘಾಟಿ ಇಳಿದರೆ ಬೆನ್ನು ಹತ್ತಿದವನು ಪರರಾಜ್ಯದಲ್ಲಿ!

ಹೊಡೆದ ಪ್ರಾಣಿಯನ್ನು ಅಧಿಕಾರಿಯ ಮುಂದೆ ಒಪ್ಪಿಸಿ ಲೆಕ್ಕ ಬರೆಸುವ ಪದ್ಧತಿ ಅಮೆರಿಕದಲ್ಲಿ ಇಂದಿಗೂ ಬಿಗಿಯಾಗಿದೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕರಡಿ ಹೊಡೆದವನು 24 ಗಂಟೆಯೊಳಗೆ ಅದನ್ನು ತಪಾಸಣಾ ಕೇಂದ್ರಕ್ಕೆ ತರಬೇಕು. ಅಲ್ಲಿ ತೂಗುತ್ತಾರೆ, ಗಂಡೋ ಹೆಣ್ಣೋ ಬರೆದುಕೊಳ್ಳುತ್ತಾರೆ, ಒಂದು ಸಣ್ಣ ಹಲ್ಲನ್ನು ಕೀಳುತ್ತಾರೆ. ಮರದ ಕಾಂಡದಲ್ಲಿರುವಂತೆ ಹಲ್ಲಿನ ಬೇರಿನಲ್ಲೂ ವರ್ಷಕ್ಕೊಂದು ಉಂಗುರ. ಎಣಿಸಿದರೆ ಕರಡಿಯ ವಯಸ್ಸು. ಕಾಡಿನಲ್ಲಿ ಇನ್ನೆಷ್ಟು ಉಳಿದಿವೆ, ಮುಂದಿನ ವರ್ಷ ಎಷ್ಟಕ್ಕೆ ಅನುಮತಿ ಕೊಡಬಹುದು ಎಂಬ ಅಂದಾಜಿಗೆ ಈ ಹಲ್ಲುಗಳೂ ಒಂದು ಆಧಾರ. ಹೊರರಾಜ್ಯದಿಂದ ಬಂದವನಿಗೆ ಪ್ರತ್ಯೇಕ ಪರವಾನಗಿ. ಒಂದು ರಾಜ್ಯದ ಕಾನೂನು ಮೀರಿ ಹೊಡೆದದ್ದನ್ನು ಗಡಿ ದಾಟಿಸಿದರೆ 1900ರ ಲೇಸಿ ಕಾಯಿದೆಯಂತೆ ಅದು ಕೇಂದ್ರ ಸರ್ಕಾರದ ಅಪರಾಧವೂ ಆಗುತ್ತದೆ.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲವೆಂದು ತಿಳಿದವರೇ ಹೆಚ್ಚು. ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲ ಪಠ್ಯ ತೆರೆದರೆ 9ನೇ ಕಲಮಿನಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬಗೆಬಗೆಯ ಪರವಾನಗಿಗಳು. 10ನೇ ಕಲಮಿನಲ್ಲಿ ಲೆಕ್ಕ. ಪರವಾನಗಿದಾರ ಹೊಡೆದ ಪ್ರಾಣಿಗಳ ದಾಖಲೆ ಇಡಬೇಕು. 2, 3, 4ನೇ ಅನುಸೂಚಿಯ ಪ್ರಾಣಿ ಸತ್ತರೆ, ಗಾಯಗೊಂಡರೆ ಅಥವಾ ಸೆರೆಸಿಕ್ಕರೆ 15 ದಿನದೊಳಗೆ, ಇಲ್ಲವೆ ಆ ಪ್ರದೇಶ ಬಿಡುವ ಮೊದಲು, ಯಾವುದು ಮುಂಚೆಯೋ ಆಗ, ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ‘ಪ್ರದೇಶ ಬಿಡುವ ಮೊದಲು’ ಎಂಬ ಮಾತು ಹೊರಗಿನಿಂದ ಬಂದ ಶಿಕಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿದೆ. ಜೀಪಿನಲ್ಲಿ ಬಂದು, ಹೊಡೆದು, ಹೇರಿಕೊಂಡು ಹೋಗುವವರ ಲೆಕ್ಕ ಯಾವ ಗಾರ್ಡಿನ ಪುಸ್ತಕಕ್ಕೆ ಸಿಕ್ಕೀತು?

ವಿಪರ್ಯಾಸವೆಂದರೆ ಸತ್ತ ಪ್ರಾಣಿಗಳ ಲೆಕ್ಕವನ್ನು ಚೊಕ್ಕಟವಾಗಿ ಇಟ್ಟವರಲ್ಲಿ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯವರು ಮುಖ್ಯರು. ರಾಜರು, ದೊರೆಗಳು ಹೊಡೆದ ಹುಲಿ, ಚಿರತೆ, ಕರಡಿಗಳಿಗೆ ಚರ್ಮ ಹದಮಾಡಿ ಜೀವಕಳೆ ಕೊಡುತ್ತಿದ್ದವರು ಅವರು. ಕಾರ್ಖಾನೆ 1999ರಲ್ಲಿ ಮುಚ್ಚಿತು. ಅವರ ಖಾತೆ ಪುಸ್ತಕಗಳು ಈಗ ಚರಿತ್ರೆಕಾರರಿಗೆ ಆಕರ.

1991ರ ತಿದ್ದುಪಡಿ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಅದರ ಜೊತೆಗೆ 10ನೇ ಕಲಮೂ ಹೋಯಿತು. ಕರಡಿ ಇಂದು 1ನೇ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿದೆ. ಹೊಡೆದರೆ 3ರಿಂದ 7 ವರ್ಷ ಸಜೆ. 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 25,000 ರೂಪಾಯಿ ದಂಡ. ಅಲ್ಲಿಗೆ ಲೆಕ್ಕ ಕೊಡುವ ಪ್ರಶ್ನೆ ಮುಗಿಯಿತು ಎಂದು ಭಾವಿಸಿದರೆ ತಪ್ಪು. ಶಿಕಾರಿಯವನ ಲೆಕ್ಕ ಹೋಗಿ ಈಗ ರೈತನ ಲೆಕ್ಕ ಬಂದಿದೆ.

ಕರಡಿ ಹುಲಿಯಂತೆ ದೂರದಿಂದಲೇ ಜಾಗ ಬಿಟ್ಟು ಸರಿಯುವ ಪ್ರಾಣಿಯಲ್ಲ. ಕಣ್ಣು ಮಂದ, ಮೂಗು ಚುರುಕು. ಗೆದ್ದಲ ಹುತ್ತಕ್ಕೆ ಮೂತಿಯಿಟ್ಟು ಉಸಿರೆಳೆಯುತ್ತಿದ್ದರೆ ಮನುಷ್ಯ ಹತ್ತಿರ ಬಂದದ್ದೇ ತಿಳಿಯದು. ತಿಳಿದಾಗ ಗಾಬರಿಯಿಂದ ಎದ್ದು ನಿಂತು ಮುಖಕ್ಕೇ ಕೈ ಹಾಕುತ್ತದೆ. ಬೆನ್ನ ಮೇಲೆ ಮರಿಯಿದ್ದರಂತೂ ಕೇಳುವುದೇ ಬೇಡ. ಆಗುಂಬೆಯ ಕಡುಮಳೆಯ ಕಾಡಿಗಿಂತ ಕುರುಚಲು ಮತ್ತು ಕಲ್ಲುಗುಡ್ಡಗಳೇ ಇದಕ್ಕೆ ಹೆಚ್ಚು ಒಗ್ಗುತ್ತವೆ. ಕರಡಿಗೆಂದೇ 1994ರಲ್ಲಿ ಆದ ಧಾಮ ಇರುವುದೂ ಬಳ್ಳಾರಿ ಸೀಮೆಯ ದರೋಜಿಯಲ್ಲಿ. ಹಾಗೆಂದು ಮಲೆನಾಡಿನಲ್ಲಿ ಸೊಪ್ಪಿಗೆ ಹೋದವನು ನಿಶ್ಚಿಂತೆಯಾಗಿ ಇರುವಂತಿಲ್ಲ.

ಈಗ ತೋಟದ ಅಂಚಿನಲ್ಲಿ ಕರಡಿ ಮೈಮೇಲೆ ಬಿತ್ತು, ಕೈಯಲ್ಲಿದ್ದ ಕತ್ತಿ ಬೀಸಿದಾಗ ಅದು ಸತ್ತಿತು ಎನ್ನೋಣ. ಕಾನೂನು ಏನೆನ್ನುತ್ತದೆ? 11ನೇ ಕಲಮು ಪ್ರಾಮಾಣಿಕವಾದ ಆತ್ಮರಕ್ಷಣೆಯನ್ನು ಅಪರಾಧವೆನ್ನುವುದಿಲ್ಲ. ಆದರೆ ಸತ್ತ ಕರಡಿ ಸರ್ಕಾರದ ಸ್ವತ್ತು. ಅದು ಯಾರ ವಶಕ್ಕೆ ಬಂದಿದೆಯೋ ಅವರು 39ನೇ ಕಲಮಿನಂತೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ವರದಿ ಮಾಡಬೇಕು. ಇಲ್ಲಿ ಇನ್ನೊಂದು ಕೊಕ್ಕೆಯಿದೆ: ಆ ಹೊತ್ತಿನಲ್ಲಿ ಆತ ಇದೇ ಕಾಯಿದೆಗೆ ವಿರುದ್ಧವಾದ ಕೆಲಸದಲ್ಲಿ ತೊಡಗಿದ್ದರೆ ಆತ್ಮರಕ್ಷಣೆಯ ಮಾತು ನಿಲ್ಲುವುದಿಲ್ಲ. ಹಂದಿಗೆಂದು ಕದ್ದು ಮರಸು ಕೂತವನ ಮೇಲೆ ಕರಡಿ ಬಿದ್ದರೆ ಅವನಿಗೆ ಎರಡು ಗಾಯ. ಒಂದನ್ನು ಆಸ್ಪತ್ರೆಯಲ್ಲಿ ತೋರಿಸಬಹುದು, ಇನ್ನೊಂದನ್ನು ಮುಚ್ಚಿಡಬೇಕು. ಹೀಗೆ ಹೆದರಿ ಹೂತವನು 48 ಗಂಟೆ ಕಳೆದ ಮೇಲೆ, ಆತ್ಮರಕ್ಷಣೆಯೇ ನಿಜವಾಗಿದ್ದರೂ, ಕಳ್ಳನಂತೆ ಕಾಣುತ್ತಾನೆ. ಕಾಯಿದೆ ಮಾಡಿದವರು ಈ ಭಯವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಹಳ್ಳಿಗೆ ಬರುವ ಗಾರ್ಡು ತಿಂಗಳಿಗೊಮ್ಮೆ ಜಗಲಿಯಲ್ಲಿ ಕೂತು ಈ ಎರಡು ಕಲಮುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಎಷ್ಟೋ ಕೇಸುಗಳು ಹುಟ್ಟುವುದೇ ಇಲ್ಲ. ಇಲಾಖೆಯ ಸಹಾಯವಾಣಿ 1926 ಎಂಬುದನ್ನಾದರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಕೋವಿಯ ಕಥೆಯೂ ಹೀಗೆಯೇ. ಅಡಿಕೆ ತೋಟದ ಮಂಗ, ಗದ್ದೆಯ ಹಂದಿ ಹೆದರಿಸಲು ಬೆಳೆರಕ್ಷಣೆಯ ಹೆಸರಿನಲ್ಲಿ ಪಡೆದ ಕೋವಿಗಳು ಮಲೆನಾಡಿನ ಮನೆಗಳಲ್ಲಿವೆ. ಪರವಾನಗಿ ಪುಸ್ತಕದಲ್ಲಿ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಕಲಮು ಒಂದಿರುತ್ತದೆ, ಓದಿದವರು ಕಡಿಮೆ. ಹೊಂದಿಕೊಂಡ ತೋಟವೇ ಆದರೂ ಗಡಿಯಾಚೆಗಿದ್ದರೆ ಅಲ್ಲಿಗೆ ಕೋವಿ ಒಯ್ಯುವ ಮುನ್ನ ಅದನ್ನು ನೋಡಿಕೊಳ್ಳಬೇಕು. ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ ಮಾಡಿ ರಸೀದಿ ಪಡೆಯುವ ಓಡಾಟ ಬೇರೆ. ಮಂಗಗಳಿಗೆ ಮಾತ್ರ ನೀತಿಸಂಹಿತೆ ಇಲ್ಲ.

ಕೊನೆಗೆ ಅಟ್ಟದ ವಿಷಯ. ಅಜ್ಜ ಹೊಡೆದ ಕರಡಿಯ ಉಗುರು, ಬೆಳ್ಳಿ ಕಟ್ಟಿಸಿ ಮಗುವಿನ ಸೊಂಟಕ್ಕೆ ಹಾಕಿದ್ದು, ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇರಬಹುದು. ಇಂಥವುಗಳನ್ನು ಘೋಷಿಸಿಕೊಳ್ಳಲು 1972ರ ಕಾಯಿದೆ 30 ದಿನ ಕೊಟ್ಟಿತ್ತು. 2003ರಲ್ಲಿ ಇನ್ನೊಮ್ಮೆ 180 ದಿನ ಸಿಕ್ಕಿತು. ಎರಡು ಸಲವೂ ಸುದ್ದಿ ಕಾಡಿನ ಮನೆಗಳಿಗೆ ಸರಿಯಾಗಿ ಮುಟ್ಟಿತೆಂದು ಹೇಳುವುದು ಕಷ್ಟ. 2023ರ ಅಕ್ಟೋಬರಿನಲ್ಲಿ ಟಿ.ವಿ. ಕಾರ್ಯಕ್ರಮವೊಂದರ ಸ್ಪರ್ಧಿಯ ಕೊರಳಲ್ಲಿ ಹುಲಿ ಉಗುರು ಕಂಡು ಆತನ ಬಂಧನವಾದಾಗ ನಾಡಿನ ತುಂಬ ಜನ ತಮ್ಮ ತಮ್ಮ ಪೆಟ್ಟಿಗೆಗಳನ್ನು ತೆರೆದು ನೋಡಿಕೊಂಡರು. ಪ್ಲಾಸ್ಟಿಕ್ಕಿನದೋ ಅಸಲಿಯೋ ಎಂದು ಅಕ್ಕಸಾಲಿಯನ್ನು ಕೇಳಹೋದವರೂ ಇದ್ದಾರಂತೆ.