ಮೋಟಾರ್ ಸೈಕಲ್ಲಿನ ಎಣ್ಣೆ: ಯಾವುದು? ಎಷ್ಟು?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಇಂದು ಮೋಟಾರ್ ಸೈಕಲ್ಲು ಮಾಡುತ್ತಿದೆ. ತೋಟಕ್ಕೆ ಗೊಬ್ಬರದ ಚೀಲ, ಸಂತೆಗೆ ಎಳನೀರು, ಮಂಡಿಗೆ ಕೊಬ್ಬರಿ ಎಲ್ಲವೂ ಅದರ ಮೇಲೆಯೇ. ಹೊರೆ ಹೊತ್ತು, ಧೂಳಿನ ದಾರಿಯಲ್ಲಿ, ಕೆಳಗಿನ ಗೇರಿನಲ್ಲಿ ಸಾಗುವ ಎಂಜಿನ್ನು ಬಹಳ ದಣಿಯುತ್ತದೆ. ಮರದ ಬುಡಕ್ಕೆ ಗೊಬ್ಬರವನ್ನು ತೂಗಿ ಹಾಕುವವರೂ ಎಂಜಿನ್ನಿಗೆ ಎಣ್ಣೆಯನ್ನು ಅಂದಾಜಿನ ಮೇಲೆ ಸುರಿಯುವುದುಂಟು.

ಹಳೆಯ ರೂಢಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳು ಎರಡು ಸ್ಟ್ರೋಕಿನವು. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆ ಉರಿದು ಹೊಗೆಯಾಗಿ ಹೋಗುತ್ತಿತ್ತು; ಬದಲಿಸಬೇಕಾದದ್ದು ಗೇರುಪೆಟ್ಟಿಗೆಯ ಎಣ್ಣೆ ಮಾತ್ರ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ಮೊದಲುಗೊಂಡು ಈಗಿನ ಟಿ.ವಿ.ಎಸ್. ಎಕ್ಸ್.ಎಲ್. 100ರವರೆಗೆ ನಮ್ಮಲ್ಲಿ ಹೆಚ್ಚಾಗಿ ಓಡುವವು ನಾಲ್ಕು ಸ್ಟ್ರೋಕಿನವು. ಇವುಗಳಲ್ಲಿ ಎಣ್ಣೆ ಒಳಗೇ ಸುತ್ತುತ್ತಾ ಮಸಿಯನ್ನೂ ಲೋಹದ ಪುಡಿಯನ್ನೂ ಕೂಡಿಸಿಕೊಳ್ಳುತ್ತದೆ. ಕಡಿಮೆಯಾದಷ್ಟನ್ನು ಮೇಲೆ ಸುರಿದರೆ ಎಣ್ಣೆ ಬದಲಿಸಿದಂತಾಗುವುದಿಲ್ಲ.

ಆಯ್ಕೆ

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುವುದನ್ನು ಧನುರ್ಮಾಸದ ಬೆಳಗಿನಲ್ಲಿ ಎಲ್ಲರೂ ಕಂಡಿದ್ದೇವೆ. ಎಂಜಿನ್ ಎಣ್ಣೆಯೂ ತಂಪಿಗೆ ಮಂದ, ಬಿಸಿಗೆ ತೆಳು. ಡಬ್ಬಿಯ ಮೇಲಿನ 10 ಡಬ್ಲ್ಯು 30, 20 ಡಬ್ಲ್ಯು 40 ಎಂಬ ಗುರುತು ಇದನ್ನೇ ಹೇಳುತ್ತದೆ: ಮೊದಲ ಅಂಕಿ ಚಳಿಯಲ್ಲಿನ ಗುಣ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿನ ಮಂದತನ. ಮಂದವಾದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಸರಿ.

ಗೇರಿರುವ ಹೆಚ್ಚಿನ ಗಾಡಿಗಳಲ್ಲಿ ಕ್ಲಚ್ಚಿನ ಬಿಲ್ಲೆಗಳು ಇದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ಔಷಧಿಯಿದ್ದು, ಅದರಿಂದ ಕ್ಲಚ್ಚು ಜಾರುತ್ತದೆ. ಹೊರೆಯೊಡನೆ ಕೆರೆ ಏರಿ ಹತ್ತುವಾಗ ಎಂಜಿನ್ನು ಅಬ್ಬರಿಸಿ ಗಾಡಿ ಮುಂದೆ ಹೋಗದಿದ್ದರೆ ಇದೂ ಒಂದು ಕಾರಣವಿರಬಹುದು. ಅದಕ್ಕಾಗಿಯೇ ಜಪಾನಿನವರು 1998ರಲ್ಲಿ ಜಾಸೋ ಎಂಬ ಗುರುತನ್ನು ತಂದರು. ಗೇರಿನ ಗಾಡಿಗೆ 'ಎಂ.ಎ.' ಅಥವಾ 'ಎಂ.ಎ.2' ನೋಡಿ ಕೊಳ್ಳಿರಿ, 'ಎಂ.ಬಿ.' ಗೇರಿಲ್ಲದ ಸ್ಕೂಟರುಗಳಿಗೆ.

ಅಳತೆ

ಪುಸ್ತಕದಲ್ಲಿ ಸಾಮಾನ್ಯವಾಗಿ ಎರಡು ಅಳತೆಗಳಿರುತ್ತವೆ: ಎಂಜಿನ್ನು ಪೂರ್ತಿ ಬಿಚ್ಚಿದಾಗ ಹಿಡಿಯುವಷ್ಟು, ಬರಿದೇ ಎಣ್ಣೆ ಬದಲಿಸುವಾಗ ಹಿಡಿಯುವಷ್ಟು. ನಮಗೆ ಬೇಕಾದದ್ದು ಎರಡನೆಯದು. 100 ಸಿ.ಸಿ.ಯ ಹಲವು ಗಾಡಿಗಳಿಗೆ ಒಂದು ಲೀಟರಿನ ಡಬ್ಬಿ ಪೂರ್ತಿ ಬೇಕಾಗುವುದಿಲ್ಲ. ಕೊಂಡದ್ದೆಂದು ಪೂರ್ತಿ ಸುರಿದರೆ ಎಣ್ಣೆ ನೊರೆಯಾಗಿ ಗಾಳಿ ಶೋಧಕಕ್ಕೆ ನುಗ್ಗುತ್ತದೆ, ಸೀಲುಗಳು ಸೋರುತ್ತವೆ. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಆಗ ಬೋರು, ಪಿಸ್ಟನ್ನುಗಳ ಖರ್ಚು ಹತ್ತಾರು ಡಬ್ಬಿ ಎಣ್ಣೆಯ ಬೆಲೆಯನ್ನು ಮೀರುತ್ತದೆ.

ಗಾಡಿಯನ್ನು ಸಮನೆಲದಲ್ಲಿ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನು ಬೆಚ್ಚಗಾಗಿಸಿ, ಹಳೆಯ ಎಣ್ಣೆ ಹನಿ ನಿಲ್ಲುವವರೆಗೆ ಇಳಿಯಲು ಬಿಡಿ. ತಿರುಪಿನ ವಾಷರು ನೋಡಿ ಬಿಗಿಮಾಡಿ, ಗೆರೆಯಿರುವ ಅಳತೆಪಾತ್ರೆಯಿಂದ ಎಣ್ಣೆ ಹಾಕಿರಿ. ಎರಡು ಮೂರು ನಿಮಿಷ ಎಂಜಿನ್ನು ಓಡಿಸಿ, ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಬಿಟ್ಟು ಅಳತೆಕಡ್ಡಿ ನೋಡಿರಿ. ಎಣ್ಣೆ ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಸಮೀಪವಿರಲಿ. ಕೆಲವು ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸದೆ ಇಟ್ಟು ನೋಡಬೇಕು, ಕೆಲವುಗಳಲ್ಲಿ ತಿರುಗಿಸಿ. ಇದನ್ನೂ ಪುಸ್ತಕದಲ್ಲಿ ನೋಡಿಕೊಳ್ಳಿ.

ತೆಗೆದ ಎಣ್ಣೆಯನ್ನು ಕಾಲುವೆಗಾಗಲಿ ಮರದ ಬುಡಕ್ಕಾಗಲಿ ಚೆಲ್ಲಬೇಡಿ. ಅದೇ ನೀರು ಬಾವಿಗೆ ಇಳಿಯುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ. ಬದಲಿಸಿದ ದಿನ, ಓಡಿದ ಕಿಲೋಮೀಟರು, ಹಾಕಿದ ಎಣ್ಣೆ ಇವನ್ನು ತೋಟದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡುವುದು ಉತ್ತಮ.