ತಣ್ಣೀರಿನ ಚೆಲುವನಿಗೆ ನಮ್ಮ ಹಜಾರ ಒಗ್ಗದು

ಅಕ್ವೇರಿಯಂ ಮೀನೆಂದರೆ ಬಣ್ಣ, ಬಣ್ಣವೆಂದರೆ ಉಷ್ಣವಲಯದ ಹವಳದ ದಿಬ್ಬ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದನ್ನು ಸುಳ್ಳಾಗಿಸುವ ಮೀನೊಂದು ನಾರ್ವೆ, ಬ್ರಿಟನ್ನುಗಳ ಬಂಡೆಗಲ್ಲಿನ ಕರಾವಳಿಯಲ್ಲಿದೆ. ಅದರ ಹೆಸರು ಕುಕ್ಕೂ ರಾಸ್. ಗಂಡಿನ ಮೈ ಕಿತ್ತಳೆ. ಅದರ ಮೇಲೆ ತಲೆಯಿಂದ ಬಾಲದತ್ತ ಹರಿದ ಕಡುನೀಲಿ ಪಟ್ಟೆಗಳು. ಹೆಣ್ಣಿನದು ನಸುಗೆಂಪು ಮೈ, ಬೆನ್ನಿನ ಹಿಂಭಾಗದಲ್ಲಿ ಮೂರು ಕಪ್ಪು ಮಚ್ಚೆ. ಇವೆರಡೂ ಬೇರೆ ಬೇರೆ ಪ್ರಭೇದಗಳೆಂದೇ ಹಿಂದಿನ ಪ್ರಾಣಿಶಾಸ್ತ್ರಜ್ಞರು ಎಣಿಸಿದ್ದರು. ಅವರನ್ನು ದೂರುವಂತಿಲ್ಲ. ಹೆಣ್ಣಾಗಿ ಬೆಳೆದು ಮೊಟ್ಟೆಯಿಟ್ಟ ಮೀನು ಹಿರಿದಾದ ಮೇಲೆ ಗಂಡಾಗಿ ಬದಲಾಗಬಲ್ಲದೆಂದು ಯಾರು ತಾನೆ ಊಹಿಸಿಯಾರು?

ಉಪ್ಪುನೀರಿನ ಅಕ್ವೇರಿಯಂ ಹವ್ಯಾಸ ನನಗೂ ಅಂಟಿಕೊಂಡಿರುವುದರಿಂದ ಪರಿಚಿತರು ಇದರ ಚಿತ್ರ ತೋರಿಸಿ, ಬೆಂಗಳೂರಿನ ಮನೆಯಲ್ಲಿ ಸಾಕಬಹುದೇ ಎಂದು ಕೇಳುವುದುಂಟು. ಹಣವಿದ್ದರೆ ಆಗದ್ದೇನಿದೆ ಎಂದುಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ.

ಮೊದಲ ತೊಡಕು ನೀರಿನದೇ. 10 ಡಿಗ್ರಿ ಸೆಲ್ಸಿಯಸ್‌ನ ಕಡಲನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು; 25 ಡಿಗ್ರಿಗೆ ಏರಿದರೆ ಅದು 7 ಮಿಲಿಗ್ರಾಂಗೂ ಕೆಳಗಿಳಿಯುತ್ತದೆ. ಅತ್ತ, ನೀರು ಬಿಸಿಯಾದಷ್ಟೂ ಮೀನಿನ ದೇಹ ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಆದಾಯ ಇಳಿದ ತಿಂಗಳೇ ಖರ್ಚು ಏರಿದ ಸಂಸಾರದ ಪಾಡು ಅದರದು. ಆದ್ದರಿಂದ ಹಗಲಿರುಳೂ ಚಿಲ್ಲರ್ ಓಡಬೇಕು. ಆ ಯಂತ್ರವಾದರೋ ನೀರಿನಿಂದ ಹೀರಿದ ಶಾಖವನ್ನೆಲ್ಲ ನಮ್ಮ ಹಜಾರಕ್ಕೇ ಕಾರುತ್ತದೆ. ತಣ್ಣನೆಯ ಗಾಜಿನ ಹೊರಮೈ ಬೆವತು ನೆಲ ಒದ್ದೆಯಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕೆಲವು ಗಂಟೆ ವಿದ್ಯುತ್ ಹೋದರಂತೂ ಮುಂದಿನದನ್ನು ಹೇಳಬೇಕಿಲ್ಲ.

ಎರಡನೆಯದು ಗಾತ್ರ ಮತ್ತು ಗುಣ. ಬೆಳೆದ ಗಂಡು 35 ಸೆಂಟಿಮೀಟರ್ ಮುಟ್ಟುತ್ತದೆ. ಹದಿನೈದು ವರ್ಷ ದಾಟಿಯೂ ಬದುಕಬಲ್ಲದು. ನಾಲ್ಕು ಅಡಿಯ ತೊಟ್ಟಿ ಅದರ ಬಾಲ್ಯಕ್ಕೆ ಮಾತ್ರ ಸಾಕು. ಏಡಿ, ಸಿಗಡಿ, ಶಂಖದ ಹುಳುಗಳೇ ಅದರ ಆಹಾರವಾದ್ದರಿಂದ ಅವುಗಳನ್ನು ಅದರ ನೆರೆಯಲ್ಲಿ ಬಿಡುವಂತಿಲ್ಲ. ಎರಡು ಗಂಡುಗಳನ್ನು ಒಟ್ಟಿಗಿಟ್ಟರೆ ಕಾದಾಟ ಖಚಿತ. ಇಷ್ಟಾದರೂ ತಕ್ಕ ನೀರು ಸಿಕ್ಕಲ್ಲಿ ಇದು ಗಟ್ಟಿಜೀವಿ, ಕುತೂಹಲಿ. ಕರಾವಳಿಯ ಚಳಿದೇಶದಲ್ಲಿ ತಂಪಾದ ನೆಲಮಾಳಿಗೆಯುಳ್ಳವನು, ತನ್ನೂರಿನ ಕಡಲಿನ ಮೀನನ್ನೇ ದೊಡ್ಡ ತೊಟ್ಟಿಯಲ್ಲಿ ಸಾಕುತ್ತೇನೆಂದರೆ ನನ್ನ ಆಕ್ಷೇಪವಿಲ್ಲ. ಸಾರ್ವಜನಿಕ ಮತ್ಸ್ಯಾಲಯಗಳಿಗಂತೂ ಇದು ಹೇಳಿ ಮಾಡಿಸಿದ ಮೀನು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಸಂಗತಿ. ಮಾರುಕಟ್ಟೆ ಬಯಸುವುದು ನೀಲಿ ಗಂಡನ್ನೇ. ಸಮುದ್ರತಳದಲ್ಲಿ ತಟ್ಟೆಯಾಕಾರದ ಗೂಡು ಕಟ್ಟಿ, ಹೆಣ್ಣನ್ನು ಕರೆದು, ಮೊಟ್ಟೆಗಳನ್ನು ಕಾಯುವವನೂ ಅವನೇ. ಅವನನ್ನು ಎತ್ತಿಕೊಂಡರೆ ಕಾವಲಿಲ್ಲದ ಗೂಡು ಉಳಿಯುತ್ತದೆ. ಅವನ ಜಾಗ ತುಂಬಲು ದೊಡ್ಡ ಹೆಣ್ಣೊಂದು ಗಂಡಾಗಬೇಕು, ಅಂದರೆ ಮೊಟ್ಟೆಯಿಡುವ ತಾಯಿಯೊಂದು ಕಡಿಮೆಯಾಗಬೇಕು. ಆಳದಿಂದ ಸರ್ರನೆ ಮೇಲೆಳೆದ ಮೀನಿನ ಗಾಳಿಚೀಲ ಉಬ್ಬಿ ಜೀವಕ್ಕೇ ಎರವಾಗುವ ಅಪಾಯ ಬೇರೆ.

ಇದರ ಬಂಧುಗಳು ಈಗಾಗಲೇ ಸಾಕಷ್ಟು ತೆತ್ತಿವೆ. ಪಂಜರದಲ್ಲಿ ಸಾಕುವ ಸಾಲ್ಮನ್‌ಗಳ ಮೈಗಂಟಿದ ಹೇನುಗಳನ್ನು ಹೆಕ್ಕಿ ತಿನ್ನಲೆಂದು ನಾರ್ವೆಯಲ್ಲಿ 1980ರ ದಶಕದ ಕೊನೆಯಿಂದ ಗೋಲ್ಡ್‌ಸಿನ್ನಿ, ಕಾರ್ಕ್‌ವಿಂಗ್, ಬ್ಯಾಲನ್ ಎಂಬ ರಾಸ್‌ಗಳನ್ನು ಹಿಡಿದು ತುಂಬಲಾಗುತ್ತಿದೆ. 2018ರಲ್ಲಿ ಅಲ್ಲಿ ಜಾರಿಯಲ್ಲಿದ್ದ ವಾರ್ಷಿಕ ಮಿತಿಯೇ 1 ಕೋಟಿ 80 ಲಕ್ಷ ಮೀನು! ಪಂಜರ ಸೇರಿದ ರಾಸ್ ಮರಳಿ ಕಡಲು ಕಾಣುವುದಿಲ್ಲ. ಹೇನಿಗೆ ಮದ್ದು ಸುರಿಯುವುದು ತಪ್ಪಲಿ ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಅದರಲ್ಲಿ ಒಂದಿಷ್ಟು ಹುರುಳೂ ಇದೆ. ನಮ್ಮ ಹಜಾರದ ಅಲಂಕಾರಕ್ಕೆ ಅಷ್ಟು ಸಮರ್ಥನೆಯೂ ಸಿಗದು.

ಕುಕ್ಕೂ ರಾಸ್ ನೋಡುವ ಹಂಬಲ ಇದ್ದೇ ಇದೆ ಎನ್ನುವವರಿಗೆ ಸಮಾಧಾನವೊಂದುಂಟು. ಆ ಕಡಲಿಗಿಳಿದ ಮುಳುಗುಗಾರರನ್ನು ಅದು ಹುಡುಕುವಂತೆ ಮಾಡುವುದಿಲ್ಲ. ತಾನಾಗಿ ಹತ್ತಿರ ಬಂದು ಮುಖಗವಸಿನೊಳಗೆ ಇಣುಕುತ್ತದೆ.