ಕಾಲುಚೀಲ ಕಳಚಿಟ್ಟ ವಿಜ್ಞಾನಿ

ನಿವೃತ್ತಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಆರಾಮಕುರ್ಚಿ, ದಿನಪತ್ರಿಕೆ ಮತ್ತು ಸಂಜೆಯ ವಾಯುವಿಹಾರ. ಆ ವಯಸ್ಸಿನಲ್ಲಿ ಒಬ್ಬ ವಿಜ್ಞಾನಿ ಲಂಡನ್ನಿನ ಪ್ರಾಧ್ಯಾಪಕ ಹುದ್ದೆ ಬಿಟ್ಟು, ಸೂಟುಬೂಟು ಕಳಚಿ, ನಮ್ಮ ಬಿಸಿಲಿನ ನಾಡಿಗೆ ಬಂದು ನೆಲೆಸಿದರು. ತಮ್ಮ ಕೊನೆಯ ವರ್ಷಗಳನ್ನು ಹೂವಿನ ದಳ ಎಣಿಸುವಂಥ, ಹಕ್ಕಿಯ ಗೂಡು ಕಾಯುವಂಥ ಕೆಲಸಗಳಿಗೆ ಮೀಸಲಿಟ್ಟರು. ಅವರೇ ಜೆ.ಬಿ.ಎಸ್. ಹಾಲ್ಡೇನ್.

ಹಾಲ್ಡೇನ್ ಹುಟ್ಟಿದ್ದು 1892ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಡಾರ್ವಿನ್ನನ ವಿಕಾಸವಾದವನ್ನೂ ಮೆಂಡೆಲನ ಆನುವಂಶಿಕ ನಿಯಮಗಳನ್ನೂ ಗಣಿತದ ಮೂಲಕ ಬೆಸೆದ ಮೂವರು ಪ್ರಮುಖರಲ್ಲಿ ಅವರೊಬ್ಬರು. ರಕ್ತದ ಕೆಲವು ಆನುವಂಶಿಕ ದೋಷಗಳು ಮಲೇರಿಯಾ ಪೀಡಿತ ಪ್ರದೇಶಗಳಲ್ಲೇ ಹೆಚ್ಚಾಗಿರುವುದೇಕೆ? ಆ ದೋಷದ ಒಂದು ಪ್ರತಿಯನ್ನಷ್ಟೇ ಪಡೆದವರು ಮಲೇರಿಯಾವನ್ನು ಹೆಚ್ಚು ಚೆನ್ನಾಗಿ ಎದುರಿಸಬಲ್ಲರು ಎಂಬ ವಿವರಣೆಯನ್ನು 1949ರಲ್ಲಿ ಸೂಚಿಸಿದವರೂ ಅವರೇ. ಅಚ್ಚರಿಯೆಂದರೆ ಇಷ್ಟೆಲ್ಲ ಸಾಧಿಸಿದ ಈ ಮನುಷ್ಯನ ಬಳಿ ವಿಜ್ಞಾನದ ಪದವಿಯೇ ಇರಲಿಲ್ಲ! ಅವರು ಓದಿದ್ದು ಗಣಿತ ಮತ್ತು ಗ್ರೀಕ್-ಲ್ಯಾಟಿನ್ ಸಾಹಿತ್ಯ. ಅಂಕಪಟ್ಟಿ ಹಿಡಿದು ಕಾಲೇಜಿನಿಂದ ಕಾಲೇಜಿಗೆ ಅಲೆಯುವ ಪಾಲಕರು ಒಮ್ಮೆ ಯೋಚಿಸಬೇಕಾದ ಸಂಗತಿ ಇದು.

ಬಿಸಿಲೂರಿಗೆ ಬಂದದ್ದು

1957ರಲ್ಲಿ, ತಮ್ಮ 64ನೆಯ ವಯಸ್ಸಿನಲ್ಲಿ, ಹಾಲ್ಡೇನ್ ಪತ್ನಿ ಹೆಲೆನ್ ಸ್ಪರ್ವೆಯವರೊಂದಿಗೆ ಕಲ್ಕತ್ತೆಗೆ ಬಂದರು. ಅಲ್ಲಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಅವರನ್ನು ಬರಮಾಡಿಕೊಂಡವರು ಪ್ರೊ. ಪಿ.ಸಿ. ಮಹಾಲನೋಬಿಸ್. ಹಿಂದಿನ ವರ್ಷ ಸೂಯೆಜ್ ಕಾಲುವೆಯ ವಿವಾದದಲ್ಲಿ ಬ್ರಿಟನ್ ಈಜಿಪ್ಟಿನ ಮೇಲೆ ದಾಳಿ ಮಾಡಿದ್ದನ್ನು ಹಾಲ್ಡೇನ್ ದೇಶ ಬಿಡಲು ಕಾರಣವಾಗಿ ಹೇಳಿದರು. ಜೊತೆಗೆ ತಮಾಷೆಯ ಕಾರಣವೊಂದನ್ನೂ ಸೇರಿಸಿದರು: ಅರವತ್ತು ವರ್ಷ ಕಾಲುಚೀಲ ಹಾಕಿಕೊಂಡದ್ದು ಸಾಕಂತೆ!

ಇಲ್ಲಿ ಅವರು ಸಡಿಲವಾದ ಭಾರತೀಯ ಉಡುಪು ತೊಟ್ಟರು, ಸಸ್ಯಾಹಾರಿಯಾದರು. ಈ ಉಡುಪಿನ ಹಿಂದೆ ಸರಳ ವಿಜ್ಞಾನವೂ ಇದೆ. ಒಂದು ಗ್ರಾಂ ಬೆವರು ಆವಿಯಾಗಬೇಕಾದರೆ ಚರ್ಮದಿಂದ ಸುಮಾರು 580 ಕ್ಯಾಲರಿ ಶಾಖ ಹೀರಿಕೊಳ್ಳುತ್ತದೆ. ನಮಗೆ ತಂಪೆನಿಸುವುದು ಇದರಿಂದಲೇ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬೆವರು ಬೇಗ ಆರುವುದಿಲ್ಲ. ಅಂಥಲ್ಲಿ ಬಿಗಿಯಾದ ಕೋಟು, ಕಾಲುಚೀಲಗಳಿಗಿಂತ ಗಾಳಿಯಾಡುವ ಹತ್ತಿಬಟ್ಟೆ ಹಿತ. ನಮ್ಮ ಅಜ್ಜಂದಿರ ಪಂಚೆಗೆ ಇಷ್ಟು ಸಮರ್ಥನೆ ಸಾಲದೇ?

1961ರಲ್ಲಿ ಹಾಲ್ಡೇನ್ ಭಾರತದ ಪೌರರಾದರು. ಅದೇ ವರ್ಷ ಭಿನ್ನಾಭಿಪ್ರಾಯ ತಲೆದೋರಿ ಕಲ್ಕತ್ತೆಯ ಸಂಸ್ಥೆಯನ್ನು ತೊರೆದರು. ಆಗ ಒರಿಸ್ಸಾದ (ಇಂದಿನ ಒಡಿಶಾ) ಮುಖ್ಯಮಂತ್ರಿಯಾಗಿದ್ದ ಬಿಜು ಪಟ್ನಾಯಕರು ಬೆಂಬಲವಿತ್ತರು. ಹೀಗಾಗಿ 1962ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಅವರು ಭುವನೇಶ್ವರಕ್ಕೆ ಬಂದು ತಳಿವಿಜ್ಞಾನದ ಪ್ರಯೋಗಾಲಯ ಆರಂಭಿಸಿದರು.

ಅಂದಿನ ಭುವನೇಶ್ವರ ಇಂದಿನ ಮಹಾನಗರವಲ್ಲ. ಹಳೆಯ ದೇಗುಲಗಳ ಪಕ್ಕದಲ್ಲಿ 1948ರಲ್ಲಿ ಶಂಕುಸ್ಥಾಪನೆಯಾಗಿ, ಆಗಷ್ಟೇ ಬೆಳೆಯುತ್ತಿದ್ದ ಹೊಸ ರಾಜಧಾನಿ. ಅದರ ನಕ್ಷೆ ರೂಪಿಸಿದವರು, ಮೊದಲು ನಮ್ಮ ಮೈಸೂರು ಸಂಸ್ಥಾನದಲ್ಲಿ ವಾಸ್ತುಶಿಲ್ಪಿಯಾಗಿದ್ದ ಜರ್ಮನ್ ಮೂಲದ ಓಟೋ ಕೋನಿಗ್ಸ್‌ಬರ್ಗರ್. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕಿರುವ ಈ ಊರಿನಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದುಂಟು.

ಹಿತ್ತಿಲೇ ಪ್ರಯೋಗಾಲಯ

ಬಡದೇಶದಲ್ಲಿ ಸಂಶೋಧನೆ ಮಾಡಲು ದುಬಾರಿ ಉಪಕರಣಗಳಿಗಾಗಿ ಕಾದು ಕೂರಬೇಕಿಲ್ಲ. ಕಣ್ಣು, ಕಾಗದ, ಪೆನ್ಸಿಲ್ ಮತ್ತು ತಾಳ್ಮೆಯಿಂದಲೇ ಎಷ್ಟೋ ಕೆಲಸ ಸಾಧ್ಯ ಎಂಬುದು ಹಾಲ್ಡೇನರ ನಿಲುವು. ಪ್ರಾಣಿಪಕ್ಷಿಗಳನ್ನು ಕೊಲ್ಲದೆಯೇ ಅಧ್ಯಯನ ಮಾಡಬಹುದೆಂದು ತೋರಿಸಲು ಹಕ್ಕಿಗಳ ಅಹಿಂಸಾತ್ಮಕ ಅಧ್ಯಯನದ ಕುರಿತು 1959ರಲ್ಲಿ ಲೇಖನವನ್ನೇ ಬರೆದರು.

ಕಲ್ಕತ್ತೆಯಲ್ಲಿ ಆರಂಭವಾದ ಈ ಬಗೆಯ ಕೆಲಸ ಭುವನೇಶ್ವರದಲ್ಲೂ ಮುಂದುವರಿಯಿತು. ಅವರ ಸಂಗಡಿಗ ಎಸ್.ಕೆ. ರಾಯ್ ಆರಿಸಿಕೊಂಡದ್ದು ಪಾರಿಜಾತವನ್ನು. ಮುಂಜಾನೆ ಉದುರಿದ ಹೂಗಳನ್ನು ಆಯ್ದು ದಳ ಎಣಿಸಿದರೆ ಒಂದರಲ್ಲಿ ಐದು, ಇನ್ನೊಂದರಲ್ಲಿ ಆರು, ಮತ್ತೊಂದರಲ್ಲಿ ಏಳು. ಒಂದೇ ಮರದ ಹೂಗಳೆಲ್ಲಕ್ಕೂ ವಂಶವಾಹಿಗಳು ಒಂದೇ ಅಲ್ಲವೇ? ಹಾಗಾದರೆ ಈ ವ್ಯತ್ಯಾಸವೇಕೆ? ಪೂಜೆಗೆ ಹೂ ಕೊಯ್ಯುವ ಕೈಯಲ್ಲೇ ಜೀವವಿಜ್ಞಾನದ ದೊಡ್ಡ ಪ್ರಶ್ನೆಯೊಂದು ಕುಳಿತಿತ್ತು.

ಟಿ.ಎ. ಡೇವಿಸ್ ಗಮನಿಸಿದ್ದು ತೆಂಗನ್ನು. ತೆಂಗಿನ ಗರಿಗಳು ಸುರುಳಿಯಾಗಿ ಮೂಡುತ್ತವೆ: ಕೆಲವು ಮರಗಳಲ್ಲಿ ಎಡಸುತ್ತು, ಉಳಿದವುಗಳಲ್ಲಿ ಬಲಸುತ್ತು. ಈ ಗುಣ ತಾಯಿಮರದಿಂದ ಸಸಿಗೆ ಬರುವುದಿಲ್ಲವೆಂದೂ, ಎಡಸುತ್ತಿನ ಮರಗಳು ತುಸು ಹೆಚ್ಚು ಕಾಯಿ ಬಿಡುತ್ತವೆಂದೂ ಸಾವಿರಾರು ಮರಗಳನ್ನು ನೋಡಿ ಅವರು ವರದಿ ಮಾಡಿದರು. ತಲೆಮಾರುಗಳಿಂದ ತೆಂಗು ಬೆಳೆದವರ ಕಣ್ಣಿಗೂ ಇದು ಸುಲಭವಾಗಿ ಬೀಳುವಂಥದ್ದಲ್ಲ.

ಎಸ್.ಡಿ. ಜಯಕರ್ ಮತ್ತು ಹೆಲೆನ್ ಸ್ಪರ್ವೆ ಮಣ್ಣಿನ ಗೂಡು ಕಟ್ಟುವ ಕಣಜಗಳನ್ನು, ಹಳದಿ ಟಿಟ್ಟಿಭ ಹಕ್ಕಿಯನ್ನು ಹತ್ತಿರದಿಂದ ಕಂಡರು. ಈ ಟಿಟ್ಟಿಭ ಬಯಲಿನ ಕಾದ ನೆಲದಲ್ಲೇ, ಒಣಹವೆಯ ಕಾಲದಲ್ಲಿ ಮೊಟ್ಟೆಯಿಡುತ್ತದೆ. ನೀರಿದ್ದೆಡೆಗೆ ಹೋಗಿ ಹೊಟ್ಟೆಯ ಪುಕ್ಕಗಳನ್ನು ನೆನೆಸಿಕೊಂಡು ಬರುವುದೂ ಉಂಟು. ಒದ್ದೆ ಪುಕ್ಕಗಳಿಂದ ಮೊಟ್ಟೆಮರಿಗಳಿಗೆ ತಂಪು ಸಿಗಬಹುದು. ಬೆವರಿನ ನಿಯಮವೇ ಇಲ್ಲೂ ಇದೆ ನೋಡಿ!

ಕೊನೆಯ ಪಾಠ

1963ರ ಕೊನೆಯ ಹೊತ್ತಿಗೆ ಹಾಲ್ಡೇನರಿಗೆ ಗುದನಾಳದ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅವರು ಆಸ್ಪತ್ರೆಯಲ್ಲಿದ್ದುಕೊಂಡೇ ತಮ್ಮ ರೋಗದ ಮೇಲೆ ವಿನೋದದ ಕವನ ಬರೆದರು. 1964ರಲ್ಲಿ ಪ್ರಕಟವಾದ ಅದರ ತಿರುಳು ಇಷ್ಟೇ: ಲಕ್ಷಣ ಕಂಡೊಡನೆ ನಾಚದೆ ವೈದ್ಯರ ಬಳಿ ಹೋಗಿ. ಬಿ.ಬಿ.ಸಿ.ಗಾಗಿ ತಮ್ಮ ಶ್ರದ್ಧಾಂಜಲಿಯನ್ನು ತಾವೇ ಧ್ವನಿಮುದ್ರಿಸಿಕೊಟ್ಟರು!

ಆಮೇಲೆ ಅವರು ಮರಳಿದ್ದು ಭುವನೇಶ್ವರಕ್ಕೇ. ಅಲ್ಲಿಯೇ 1964ರ ಡಿಸೆಂಬರ್ 1ರಂದು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಆಂಧ್ರದ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳ ಅಧ್ಯಯನಕ್ಕಾಗಿ ಒಪ್ಪಿಸಲಾಯಿತು. ಸತ್ತ ಮೇಲೂ ಅವರು ಪಾಠ ಹೇಳುವುದನ್ನು ನಿಲ್ಲಿಸಲಿಲ್ಲ.

ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಹೆಚ್ಚಾಗಿ ಕೇಳಿಬರುವ ಮಾತೆಂದರೆ, ‘ನಮ್ಮ ಶಾಲೆಯಲ್ಲಿ ಪ್ರಯೋಗಾಲಯವಿಲ್ಲ ಸಾರ್’. ಇದು ನಿಜವಾದ ಕೊರತೆ, ಅದನ್ನು ತುಂಬಲೇಬೇಕು. ಆದರೆ ತುಂಬುವ ತನಕ ಏನು ಮಾಡುವುದು?

ವಿದ್ಯಾರ್ಥಿಗಳೇ, ಪಾರಿಜಾತ ಅರಳುವ ಕಾಲದಲ್ಲಿ ದಿನವೂ ಒಂದೇ ಮರದ ನೂರು ಹೂಗಳನ್ನು ಆಯ್ದು ದಳ ಎಣಿಸಿ. ತಾರೀಖು, ಹಿಂದಿನ ದಿನದ ಮಳೆ-ಬಿಸಿಲು, ಐದು ದಳದವೆಷ್ಟು, ಆರರದೆಷ್ಟು ಎಂದು ಕೋಷ್ಟಕ ಬರೆಯಿರಿ. ತಿಂಗಳ ಕೊನೆಗೆ ಸರಾಸರಿ ತೆಗೆದು ನಕ್ಷೆ ಹಾಕಿ. ಪಾಲಕರಿಗೆ ಒಂದೇ ವಿನಂತಿ: ಬೆಳಗಿನ ಹೊತ್ತು ಮಗು ಹಿತ್ತಿಲಲ್ಲಿ ಹೂ ಎಣಿಸುತ್ತಾ ಕೂತಿದ್ದರೆ ‘ಓದೋದು ಬಿಟ್ಟು ಅಲ್ಲೇನು ಮಾಡ್ತಿದ್ದೀಯ?’ ಎಂದು ಗದರಬೇಡಿ. ಅದು ಓದುತ್ತಲೇ ಇದೆ.